ಕತ್ತಲನ್ನು ಹುಡುಕುವ ನೀಲಿ ಬೆಳಕು

ದಂತವೈದ್ಯರು ಕೋಣೆಯ ದೀಪ ಆರಿಸಿ, ರೋಗಿಯ ಬಾಯೊಳಗೆ ನೀಲಿ ಬೆಳಕು ಬಿಟ್ಟು, ಫಿಲ್ಟರ್ ಅಳವಡಿಸಿದ ಕಿಂಡಿಯಿಂದ ನೋಡುತ್ತಾರೆ. ಕೆನ್ನೆಯ ಒಳಗೋಡೆ, ನಾಲಿಗೆಯ ಅಡಿಭಾಗ ಎಲ್ಲ ತಿಳಿಹಸಿರಾಗಿ ಹೊಳೆಯುತ್ತವೆ. ನಡುವೆ ಎಲ್ಲಾದರೂ ಮಸಿ ಮೆತ್ತಿದ ಹಾಗೆ ಕಪ್ಪು ಮಚ್ಚೆ ಕಂಡರೆ ಅವರ ಕಣ್ಣು ಅಲ್ಲೇ ನಿಲ್ಲುತ್ತದೆ. ಬಾಯಿ ಕ್ಯಾನ್ಸರನ್ನು ಬೇಗ ಗುರುತಿಸಲು ಬಂದಿರುವ ಈ ಪ್ರತಿದೀಪ್ತಿ ಚಿತ್ರಣದಲ್ಲಿ ಹುಡುಕಬೇಕಾದದ್ದು ಹೊಳಪು ಸತ್ತ ಜಾಗವನ್ನು.

ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ಹೀರಿಕೊಂಡು, ಅದಕ್ಕಿಂತ ಹೆಚ್ಚಿನ ತರಂಗಾಂತರದ ಬೇರೆ ಬಣ್ಣವನ್ನು ಹೊರಸೂಸುತ್ತವೆ. 1852ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಇದನ್ನು ವಿವರಿಸಿದರು. ಅಂಥ ವಸ್ತುಗಳು ನಮ್ಮ ಬಾಯಲ್ಲೇ ಇವೆ, ಹಾಗಾಗಿ ಯಾವ ಬಣ್ಣವನ್ನೂ ಬಳಿಯಬೇಕಿಲ್ಲ, ಸೂಜಿ ಚುಚ್ಚಬೇಕಿಲ್ಲ. ಮೇಲ್ಪದರದ ಕೋಶಗಳಲ್ಲಿ ಎಫ್‌ಎಡಿ ಎಂಬ ಅಣು ಇದೆ, ಅದರ ಕೆಳಗೆ ಕೊಲಾಜೆನ್ ಎಂಬ ನಾರಿನ ಪ್ರೋಟೀನು. 400ರಿಂದ 460 ನ್ಯಾನೋಮೀಟರಿನ ನೀಲಿ ಬೆಳಕು ಬಿದ್ದಾಗ ಇವೆರಡೂ ಹಸಿರು ಚೆಲ್ಲುತ್ತವೆ.

ಕೋಶಗಳು ಕ್ಯಾನ್ಸರಿನ ಹಾದಿ ಹಿಡಿದರೆ ಒಳಗಿನ ವ್ಯವಸ್ಥೆಯೇ ಬದಲಾಗುತ್ತದೆ. ಅಲ್ಲಿ ಹೊಮ್ಮುವ ಕಿಣ್ವಗಳು ಕೊಲಾಜೆನ್ನಿನ ಹೆಣಿಗೆಯನ್ನು ಕಡಿಯುತ್ತವೆ. ಮೇಲ್ಪದರ ದಪ್ಪಗಾಗಿ ಬೆಳಕನ್ನು ಚದುರಿಸುತ್ತದೆ. ಹೊಸ ರಕ್ತನಾಳಗಳು ಹುಟ್ಟುತ್ತವೆ, ಅವುಗಳಲ್ಲಿನ ಹಿಮೋಗ್ಲೋಬಿನ್ ನೀಲಿಯನ್ನೂ ಹಸಿರನ್ನೂ ನುಂಗಿಬಿಡುತ್ತದೆ. ಬರಿಗಣ್ಣಿಗೆ ಏನೂ ಕಾಣದ ಹಂತದಲ್ಲೂ ಕೆಲವೊಮ್ಮೆ ಈ ಮಬ್ಬು ಕಾಣಿಸುವುದೇ ಈ ವಿಧಾನದ ಆಕರ್ಷಣೆ.

ತೊಡಕು ಇರುವುದೂ ಇಲ್ಲೇ. ಹಿಮೋಗ್ಲೋಬಿನ್ ಎಲ್ಲಿ ಹೆಚ್ಚಿದರೂ ಕಪ್ಪು ಕಾಣುತ್ತದೆ: ಚೂಪಾದ ಹಲ್ಲು ಕೆನ್ನೆಗೆ ತಾಗಿ ಆದ ಹುಣ್ಣು, ಊದಿದ ವಸಡು, ಬಿಸಿ ಕಾಫಿ ಸುಟ್ಟ ಅಂಗುಳ. ಅದಕ್ಕೇ ಅನುಭವಿ ವೈದ್ಯರು ಉಪಕರಣವೊಂದರ ಹಿಂಬದಿಯಿಂದ ಮಚ್ಚೆಯನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ. ರಕ್ತ ಸರಿದು ಹಸಿರು ಮರಳಿದರೆ ಅದು ಬಹುಶಃ ಬರೀ ಉರಿಯೂತ. ಒತ್ತಿದರೂ ಕಪ್ಪು ಕದಲದಿದ್ದರೆ ಅನುಮಾನ ಗಟ್ಟಿಯಾಗುತ್ತದೆ, ಆದರೆ ತೀರ್ಪು ಕೊಡುವುದು ಬಯಾಪ್ಸಿಯೇ. ಅಲ್ಲಲ್ಲಿ ಕೆಂಪಾಗಿ ಮಿನುಗುವ ಚುಕ್ಕೆಗಳೂ ಕಾಣುವುದುಂಟು. ಹೆಚ್ಚಾಗಿ ಅವು ಹಲ್ಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳ ಪಾರ್ಫಿರಿನ್ ಎಂಬ ವಸ್ತು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ರೂಪುಗೊಂಡ ವೆಲ್‌ಸ್ಕೋಪ್ ಎಂಬ ಉಪಕರಣದಿಂದ ಈ ವಿಧಾನ ದಂತಚಿಕಿತ್ಸಾಲಯಗಳಿಗೆ ಬಂತು. ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯ ಅಂಚನ್ನು ಈ ಬೆಳಕಿನಲ್ಲಿ ಗುರುತಿಸಿ ಕೊಯ್ದರೆ ರೋಗ ಮರುಕಳಿಸುವುದು ಕಡಿಮೆಯಾದೀತು ಎಂಬ ದೊಡ್ಡ ನಿರೀಕ್ಷೆ ಅಲ್ಲಿತ್ತು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂದಾಗ ಆ ಲಾಭ ಕಾಣಲಿಲ್ಲ. ಅಮೆರಿಕದ ದಂತವೈದ್ಯರ ಸಂಘ 2017ರ ಮಾರ್ಗಸೂಚಿಯಲ್ಲೇ, ಸಾಮಾನ್ಯ ಕ್ಲಿನಿಕ್ಕಿನಲ್ಲಿ ಮಚ್ಚೆಗಳನ್ನು ಅಳೆಯಲು ಇದನ್ನು ನೆಚ್ಚಬೇಡಿ ಎಂದಿತ್ತು. ಈ ಎಚ್ಚರಿಕೆ ಜಾಹೀರಾತುಗಳಲ್ಲಿ ಇರುವುದಿಲ್ಲ.

ನಮ್ಮ ದೇಶದ ಕಥೆ ತುಸು ಬೇರೆ. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಹೊಸದಾಗಿ ಬಾಯಿ ಕ್ಯಾನ್ಸರ್ ಬಂದವರು 1.4 ಲಕ್ಷಕ್ಕೂ ಹೆಚ್ಚು, ಲೋಕದ ಒಟ್ಟು ಲೆಕ್ಕದ ಮೂರನೇ ಒಂದಕ್ಕಿಂತ ಜಾಸ್ತಿ. ಪಾಶ್ಚಾತ್ಯರಲ್ಲಿ ನಾಲಿಗೆಯ ಕ್ಯಾನ್ಸರ್ ಹೆಚ್ಚಾದರೆ ಇಲ್ಲಿ ಕೆನ್ನೆ ಮತ್ತು ವಸಡು ಸೇರುವ ಸಂದಿಯೇ ಮುಖ್ಯ ಜಾಗ. ಗುಟ್ಕಾ, ಹೊಗೆಸೊಪ್ಪಿನ ಎಲೆಅಡಿಕೆ ಗಂಟೆಗಟ್ಟಲೆ ಕೂರುವುದು ಅಲ್ಲೇ. ಹೊಗೆಸೊಪ್ಪು ಸೇರಿಸದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಅಡಿಕೆ ಬೆಳೆಯುವ ನಮ್ಮ ನಾಡಿನಲ್ಲಿ ಇದು ಯಾರಿಗೂ ಹಿತವಾದ ಮಾತಲ್ಲ. ಅಡಿಕೆ ಜಗಿದು ಜಗಿದು ಕೆನ್ನೆ ನಾರುಗಟ್ಟಿದ ಹಲವರಿಗೆ ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯಲಾಗುವುದಿಲ್ಲ. ಹೊರಗೆ ನಿಂತು ಬೆಳಕು ಬಿಟ್ಟರೆ ಸಂದಿ ಕಾಣುವುದೇ ಇಲ್ಲ.

ಇದನ್ನು ಗಮನದಲ್ಲಿಟ್ಟು ಅರಿಜೋನಾ ವಿಶ್ವವಿದ್ಯಾಲಯದವರು ಬೆಂಗಳೂರಿನ ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರ ಮತ್ತು ಕೆಎಲ್‌ಇ ದಂತವೈದ್ಯ ಕಾಲೇಜಿನವರ ಜೊತೆ ಸ್ಮಾರ್ಟ್‌ಫೋನಿಗೆ ಜೋಡಿಸುವ ಸಾಧನ ಮಾಡಿದರು. 2018ರಲ್ಲಿ ಅದರ ವಿವರ ಪ್ರಕಟವಾಯಿತು. ಒಂದು ಭಾಗ ಇಡೀ ಬಾಯನ್ನು ಚಿತ್ರಿಸಿದರೆ, ಇನ್ನೊಂದು ಸಣ್ಣ ಕಡ್ಡಿಯಂತೆ ಕೆನ್ನೆಯ ಸಂದಿಗೆ ಇಳಿಯುತ್ತದೆ. ಬಿಳಿ ಬೆಳಕಿನ ಚಿತ್ರ, ಪ್ರತಿದೀಪ್ತಿಯ ಚಿತ್ರ ಎರಡನ್ನೂ ದೂರದ ತಜ್ಞರಿಗೆ ಕಳಿಸಬಹುದು, ಕಂಪ್ಯೂಟರ್ ಕೂಡ ಒಂದು ಅಂದಾಜು ಕೊಡುತ್ತದೆ. ಯಂತ್ರ ಕಲಿತ ಚಿತ್ರಗಳು ಕೆಲವು ನೂರು ಮಾತ್ರವಾಗಿದ್ದರಿಂದ ಆ ಅಂದಾಜನ್ನು ನಾನಂತೂ ಮೊದಲ ಹೆಜ್ಜೆಯೆಂದೇ ಎಣಿಸುತ್ತೇನೆ.

ಈ ಫೋನು ಪೈಪೋಟಿಗೆ ಇಳಿಯಬೇಕಿರುವುದು ಬರಿಗಣ್ಣಿನ ಜೊತೆ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ನೋಡಿದ್ದರಿಂದಲೇ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಇಳಿದಿತ್ತೆಂದು 2005ರಲ್ಲಿ ವರದಿಯಾಯಿತು. ಅನುಮಾನ ಬಂದು ವೈದ್ಯರ ಬಳಿಗೆ ಹೋಗಿ ಎಂದು ಹೇಳಿಸಿಕೊಂಡವರು 5,145 ಮಂದಿ. ಹೋದವರು 3,218.