ಮನೆಯ ಜಾಲಕ್ಕೊಂದು ನಾಕೆ

ನಮ್ಮದು ಗಡಿಸೀಮೆಯ ಊರು. ಹೋಗಿಬರುವ ಗಾಡಿಗಳನ್ನು ನಿಲ್ಲಿಸಿ, ಕಾಗದಪತ್ರ ನೋಡಿ, ಬಿಡತಕ್ಕವನ್ನು ಬಿಟ್ಟು ತಡೆಯತಕ್ಕವನ್ನು ತಡೆಯುವ ನಾಕೆಯೆಂದರೇನೆಂಬುದನ್ನು ಕಾಸಾರಶಿರಸಿಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಬರುವ ಇಂಟರ್‌ನೆಟ್ಟಿನ ಬಾಗಿಲಲ್ಲಿ ಇಂಥದೇ ಕೆಲಸ ಮಾಡುವ ವ್ಯವಸ್ಥೆಗೆ ಫೈರ್‌ವಾಲ್ ಎಂದು ಹೆಸರು. ಇದಕ್ಕೆಂದು ಹೊಸ ಸಾಧನವನ್ನು ಕೊಳ್ಳಲೇಬೇಕೆಂದಿಲ್ಲ. ಮೂಲೆ ಸೇರಿದ 64 ಬಿಟ್ಟಿನ ಹಳೆಯ ಕಂಪ್ಯೂಟರಿಗೆ ಎರಡು ಜಾಲಪೋರ್ಟುಗಳಿದ್ದರೆ, ಒಂದನ್ನು ಮೋಡೆಮ್ಮಿಗೂ ಇನ್ನೊಂದನ್ನು ಮನೆಯೊಳಗಿನ ಜಾಲಕ್ಕೂ ಕೂಡಿಸಿ, ಉಚಿತವಾಗಿ ದೊರೆಯುವ ಕಾರ್ಯವ್ಯವಸ್ಥೆಯನ್ನು ಅದರಲ್ಲಿ ಸ್ಥಾಪಿಸಬಹುದು. ಸ್ವಿತ್ಸರ್ಲಂಡಿನ ಮ್ಯಾನುಯೆಲ್ ಕ್ಯಾಸ್ಪರ್ ಅವರ ಮೋನೋವಾಲ್ ಎಂಬುದರಿಂದ 2004ರಲ್ಲಿ ಪಿಎಫ್‌ಸೆನ್ಸ್ ಹುಟ್ಟಿತು. ಅದರಿಂದ ಕವಲೊಡೆದ ಓಪಿಎನ್‌ಸೆನ್ಸ್ 2015ರಲ್ಲಿ ಹಾಲಂಡಿನಿಂದ ಹೊರಬಂದಿತು. ನಾನು ಆರಿಸಿಕೊಂಡದ್ದು ಈ ಕೊನೆಯದನ್ನು.

ಮೊದಲನೆಯ ಸಂಜೆಯೆಲ್ಲ ಕಪ್ಪು ತೆರೆಯನ್ನು ನೋಡುವದರಲ್ಲಿಯೇ ಕಳೆಯಿತು. ಓಪಿಎನ್‌ಸೆನ್ಸಿನ ಪ್ರತಿಯು ಹಲವು ರೂಪಗಳಲ್ಲಿ ದೊರೆಯುವದು. 'ಸೀರಿಯಲ್' ಎಂಬ ರೂಪವು ಹೇಳುವದನ್ನು ಮುಖ್ಯವಾಗಿ ಸೀರಿಯಲ್ ಪೋರ್ಟಿಗೆ ಹೇಳುವದು. ತೆರೆಯುಳ್ಳ ಯಂತ್ರಕ್ಕೆ 'ವಿಜಿಎ' ರೂಪವು ಬೇಕು. ಇಳಿಸಿಕೊಂಡ ಪ್ರತಿಯು ದಾರಿಯಲ್ಲಿ ಕೆಟ್ಟಿರುವದೂ ಉಂಟು; ಅದರೊಡನೆ ಕೊಟ್ಟಿರುವ 64 ಅಕ್ಷರಗಳ ಎಸ್‌ಎಚ್‌ಎ-256 ಮುದ್ರೆಯನ್ನು ತಾಳೆ ನೋಡಿಕೊಳ್ಳತಕ್ಕದ್ದು.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದದ್ದು. ಪೆನ್‌ಡ್ರೈವಿನಿಂದ ಎದ್ದ ಓಪಿಎನ್‌ಸೆನ್ಸ್ ಡಿಸ್ಕಿನಲ್ಲಿ ಸ್ಥಾಪನೆಯಾಗದೆಯೇ ಓಡತೊಡಗುವದು. 'ಇನ್‌ಸ್ಟಾಲರ್' ಎಂಬ ಹೆಸರಿನಿಂದ ಒಳಹೊಕ್ಕರೆ ಸ್ಥಾಪನೆ ನಡೆಯುವದು. ನಾನು 'ರೂಟ್' ಎಂದು ಹೊಕ್ಕು ಎಲ್ಲ ಏರ್ಪಾಡು ಮಾಡಿದೆನು. ಆ ರಾತ್ರಿ ನಮ್ಮೂರ ಪದ್ಧತಿಯಂತೆ ಕರೆಂಟು ಹೋಯಿತು. ಮರಳಿ ಬಂದಾಗ ಮಾಡಿದ್ದೊಂದೂ ಉಳಿದಿರಲಿಲ್ಲ.

ಮರುದಿನ ಸ್ಥಾಪನೆಯೇನೋ ಸರಿಯಾಗಿ ಮುಗಿಯಿತು. ಇಂಟರ್‌ನೆಟ್ ಮಾತ್ರ ಮನೆಯೊಳಗೆ ಬರಲೊಲ್ಲದು. ಕಾರಣ ಹುಡುಕುವ ತಾಳ್ಮೆ ಉಳಿದಿರಲಿಲ್ಲ. ಎಲ್ಲವನ್ನೂ ಅಳಿಸಿ ಮತ್ತೆ ಸ್ಥಾಪಿಸಿದೆನು. ಮತ್ತೆ ಅದೇ ಸ್ಥಿತಿ. ತಂತಿ ಸಡಿಲಿರಬಹುದೆಂದು ಡಬ್ಬಿ ಬಿಚ್ಚಿ, ಇದ್ದಬದ್ದ ತಂತಿಗಳನ್ನೆಲ್ಲ ಕಿತ್ತು ಸಿಕ್ಕಿಸಿ, ಮೂರನೆಯ ಸಲ ಸ್ಥಾಪನೆಗೆ ಕೈಹಾಕಿದೆನು. ಅದರೊಳಗೆ ಎರಡು ಡಿಸ್ಕುಗಳಿದ್ದವು: ಈ ಕೆಲಸಕ್ಕೆಂದೇ ಹಾಕಿದ 120 ಜಿಬಿಯದೊಂದು, ಮನೆಯ ಹಳೆಯ 500 ಜಿಬಿಯದೊಂದು. ಅಷ್ಟರ ವರೆಗೆ 'ಎಡಿಎ-0' ಎಂದರೆ ಹೊಸ ಡಿಸ್ಕು. ಆದರೆ ಈ ಹೆಸರುಗಳು ಡಿಸ್ಕಿಗೆ ಅಂಟಿದವುಗಳಲ್ಲ, ತಂತಿ ಸಿಕ್ಕಿಸಿದ ಸ್ಥಾನವನ್ನು ಹಿಡಿದು ಬರುವಂಥವು. ತಂತಿ ಅದಲುಬದಲಾಗಿತ್ತು. ಹೆಸರಿನ ಪಕ್ಕದಲ್ಲಿಯೇ ಅಳತೆ ಬರೆದಿತ್ತು, ನಾನು ಓದಲಿಲ್ಲ. ಹಳೆಯ ಡಿಸ್ಕಿನಲ್ಲಿ ನಮ್ಮ ತಾಯಿಯವರು ಹಾಡಿದ 16 ಬೀಸುವ ಪದಗಳಿದ್ದವು. ಅವರು ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ಬೇರೆ ಪ್ರತಿ ಇರಲಿಲ್ಲ.

ಇಷ್ಟಕ್ಕೂ ಮೂಲದ ದೋಷ ಯಾವದು? ಒಂದು ಅಂಕಿ. ಓಪಿಎನ್‌ಸೆನ್ಸ್ ತನ್ನ ಒಳಪೋರ್ಟಿಗೆ 192.168.1.1 ಎಂಬ ವಿಳಾಸವನ್ನು ತಾನೇ ಇಟ್ಟುಕೊಳ್ಳುವದು. ಮನೆಗಳಲ್ಲಿರುವ ಅನೇಕ ಮೋಡೆಮ್ಮುಗಳೂ ಅದೇ ವಿಳಾಸದವು. ನಾಕೆಯ ಆಚೆಗೂ ಈಚೆಗೂ ಒಂದೇ ಹೆಸರಿನ ಊರಿದ್ದರೆ ನಾಕೆಯವನು ಗಾಡಿಯನ್ನು ಯಾವ ಕಡೆಗೆ ಬಿಟ್ಟಾನು? ಹೊರಗೆ ಹೋಗಬೇಕಾದದ್ದು ಒಳಗೇ ತಿರುಗುವದು. ಇದನ್ನು ಕಂಡುಹಿಡಿಯಲು ಯಾವ ಉಪಕರಣವೂ ಬೇಡ. ತೆರೆಯ ಮೇಲಿನ ಪಟ್ಟಿಯ ತಲೆಯಲ್ಲಿಯೇ 'ಲ್ಯಾನ್' ಎಂಬ ಒಳಪೋರ್ಟಿನ ಹಾಗೂ 'ವ್ಯಾನ್' ಎಂಬ ಹೊರಪೋರ್ಟಿನ ವಿಳಾಸಗಳು ಬರೆದಿರುತ್ತವೆ. ಎರಡೂ 192.168.1 ಎಂದು ಆರಂಭವಾದರೆ ಅದೇ ರೋಗ. ಪಟ್ಟಿಯ 2ನೆಯ ಅಂಶವನ್ನು ಆರಿಸಿ ಒಳಪೋರ್ಟಿಗೆ 192.168.10.1 ಎಂದು ಕೊಟ್ಟರೆ ಮುಗಿಯಿತು. ಬಳಿಕ 7ನೆಯ ಅಂಶದಿಂದ 8.8.8.8 ಎಂಬ ವಿಳಾಸವನ್ನು ಕೂಗಿ ನೋಡಬೇಕು. ಉತ್ತರ ಬಂದರೆ ನಾಕೆಯಿಂದ ಹೊರದಾರಿ ಸರಿಯಿದೆ. ಹೊರಪೋರ್ಟಿಗೆ ವಿಳಾಸವೇ ಬಂದಿರದಿದ್ದರೆ ತಂತಿಗಳು ಹಿಂದುಮುಂದಾಗಿರಬಹುದು. ಅದಕ್ಕೆ 1ನೆಯ ಅಂಶವುಂಟು. ಇವಾವುದಕ್ಕೂ ಮರುಸ್ಥಾಪನೆ ಬೇಕಾಗಿರಲಿಲ್ಲ.

ಡಿಸ್ಕು ತಪ್ಪಿ ಅಳಿಸಿದವರು ತಕ್ಷಣ ಯಂತ್ರವನ್ನು ಆರಿಸಿಬಿಡಬೇಕು. ಸ್ಥಾಪನೆಯು ಬರೆಯುವದು ಕೆಲವೇ ಜಿಬಿಗಳಷ್ಟು. ಉಳಿದ ಜಾಗದ ಹಳೆಯ ಬರಹವು ಹೆಸರು ಕಳೆದುಕೊಂಡು ಅಲ್ಲಿಯೇ ಇರುವದು. ಫೋಟೋರೆಕ್ ಎಂಬ ಉಚಿತ ಸಾಧನವು ಅದನ್ನು ಹೆಕ್ಕಿ ತೆಗೆಯುವದು, ಆದರೆ ತೆಗೆದದ್ದನ್ನು ಬೇರೊಂದು ಡಿಸ್ಕಿನಲ್ಲಿಯೇ ಇಡಬೇಕು. ನನಗೆ ಸಾವಿರಾರು ಕಡತಗಳು ದೊರೆತವು, ಒಂದಕ್ಕೂ ಹೆಸರಿಲ್ಲ, ಬರಿಯ ಅಂಕಿಗಳು. ಅಕ್ಕನವರು ಉಮರಗಾದಿಂದ ಬಂದು ನನ್ನೊಡನೆ ಎರಡು ರವಿವಾರ ಕುಳಿತು, ಒಂದೊಂದನ್ನೇ ತೆರೆದು ಕೇಳಿದರು. ಈ ವರೆಗೆ 9 ಪದಗಳು ಸಿಕ್ಕಿವೆ. ಹತ್ತನೆಯದು ಅರ್ಧಕ್ಕೆ ನಿಲ್ಲುತ್ತದೆ; ಅದರ ಮುಂದಿನ ಸಾಲುಗಳು ಅಕ್ಕನವರಿಗೆ ಬಾಯಿಪಾಠವಿದ್ದುದರಿಂದ ಬರೆದುಕೊಂಡಿದ್ದೇನೆ.