ಅಮ್ಮನ ಸುಸ್ತಿಗೆ ಕಾಲಂ ಇರಲಿಲ್ಲ

ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್. ಹೋದಾಗಲೆಲ್ಲ ಡಾಕ್ಟರ್ 28 ಕೀಲು ಒತ್ತಿ ನೋಡಿ, ಎಷ್ಟು ಊದಿವೆ, ಎಷ್ಟು ನೋಯುತ್ತವೆ ಅಂತ ಬರೆದುಕೊಳ್ತಾರೆ. ಅಮ್ಮ ಹೇಳೋದು ಒಂದೇ: "ನೋವು ಹೇಗೋ ತಡ್ಕೋತೀನಿ, ಈ ಸುಸ್ತಿಗೆ ಏನಾದ್ರೂ ಕೊಡಿ." ಬೆಳಿಗ್ಗೆ ಎರಡು ದೋಸೆ ಹುಯ್ಯುವಷ್ಟರಲ್ಲಿ ಕೂತುಬಿಡ್ತಾಳೆ. ವಯಸ್ಸಾಯ್ತಲ್ಲ ಅಂತ ನಾನೂ ಸುಮ್ಮನಿದ್ದೆ.

ಆಮೇಲೆ ಓದಿ ತಿಳೀತು, ಸಂಶೋಧಕರೂ ಸುಸ್ತನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೀಲುರೋಗದ ಔಷಧ ಪ್ರಯೋಗಗಳಲ್ಲಿ ಏನೇನು ಅಳೆಯಬೇಕು ಅಂತ ಚರ್ಚಿಸೋಕೆ ಒಮೆರಾಕ್ಟ್ ಅನ್ನೋ ಅಂತಾರಾಷ್ಟ್ರೀಯ ಗುಂಪಿದೆ. ಶುರುವಾದದ್ದು 1992ರಲ್ಲಿ. ಹತ್ತು ವರ್ಷ ತಜ್ಞರೇ ಕೂತು ಮಾತಾಡಿದರು. 2002ರಲ್ಲಿ, ಆಸ್ಟ್ರೇಲಿಯಾದಲ್ಲಿ ಸೇರಿದಾಗ, ರೋಗಿಗಳನ್ನೂ ಚರ್ಚೆಗೆ ಕೂರಿಸಿಕೊಂಡರು. ಅವರು ಎತ್ತಿದ ದೊಡ್ಡ ದೂರು ಯಾವುದು ಗೊತ್ತಾ? ಸುಸ್ತು! ಅಮ್ಮನದೇ ಮಾತು. 2007ರ ಹೊತ್ತಿಗೆ, ಸಾಧ್ಯವಿರುವ ಕಡೆಯೆಲ್ಲ ಅದನ್ನೂ ಅಳೆಯಬೇಕು ಅನ್ನೋ ಶಿಫಾರಸು ಬಂತು. ಕೇಳಿದ್ದಕ್ಕೆ ಬಂತು, ಅಷ್ಟೇ.

ಹೋದ ತಿಂಗಳು ಅಳುಕುತ್ತಲೇ ಡಾಕ್ಟರಿಗೆ ಇದನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಅಮ್ಮನ ಕಡೆ ತಿರುಗಿದರು. "ಸೊನ್ನೆಯಿಂದ ಹತ್ತರೊಳಗೆ, ನಿಮ್ಮ ಸುಸ್ತು ಎಷ್ಟಮ್ಮ?"

ಅಮ್ಮ ಯೋಚನೆ ಕೂಡ ಮಾಡಲಿಲ್ಲ. "ಎಂಟು" ಅಂದಳು.