ಜಠರದ ಜೀವಾಣುವೂ ಕರುಳಿನ ಹುಣ್ಣೂ

ಅಡಿಕೆಯ ನಡುವೆ ಕೆಂಬಾಳೆ ಹಾಕಿದರೆ ಹೇಗೆಂದು ವಿಚಾರಿಸಲು ನಾವು ಕಮಲಾಪುರಕ್ಕೆ ಹೋಗಿದ್ದೆವು. ಬಾಳೆಯ ವಿಷಯ ಮುಂದಿನ ಸಂಚಿಕೆಗಿರಲಿ. ಊಟಕ್ಕೆ ಕುಳಿತಾಗ ಜೊತೆಗಿದ್ದ ಸದಸ್ಯ ಮಿತ್ರರು ಜೋಳದ ರೊಟ್ಟಿ, ಪುಂಡಿಪಲ್ಯ ಎರಡನ್ನೂ ಒಲ್ಲೆನೆಂದರು. "ಹಿಂಗ ಉಪಾಸ ಕುಂತ್ರ ಹ್ಯಾಂಗ್ರಿ ಸಾಹೇಬ್ರ?" ಎಂದು ಮನೆಯವರು ಒತ್ತಾಯಿಸಿದ ಮೇಲೆ ಬಾಯಿಬಿಟ್ಟರು: ಮೂರು ತಿಂಗಳಿಂದ ರಕ್ತಭೇದಿ. ಮೂಲವ್ಯಾಧಿ ಇರಬೇಕೆಂದು ತಾವೇ ತೀರ್ಮಾನಿಸಿ, ಹಿಂದೊಮ್ಮೆ ಜಠರದ ಹುಣ್ಣಿಗೆ ಕೊಟ್ಟಿದ್ದ ಮಾತ್ರೆಗಳಲ್ಲಿ ಉಳಿದವನ್ನು ನುಂಗುತ್ತಿದ್ದರಂತೆ! ಮರುದಿನವೇ ಕಲಬುರಗಿಯಲ್ಲಿ ವೈದ್ಯರಿಗೆ ತೋರಿಸಿದೆವು. ಕೊಳವೆ ಹಾಕಿ ನೋಡಿದಾಗ ದೊಡ್ಡ ಕರುಳಿನಲ್ಲಿ ಹುಣ್ಣುಗಳು ಕಂಡವು.

ಜಠರದ ರೋಗವೇ ಕೆಳಗಿಳಿಯಿತೇ ಎಂಬುದು ನಮ್ಮ ಪ್ರಶ್ನೆ. ಹಾಗಲ್ಲವಂತೆ.

ಜಠರದ ಹುಣ್ಣಿಗೆ ಖಾರ, ಚಿಂತೆಗಳೇ ಕಾರಣವೆಂದು ನಾವೆಲ್ಲ ನಂಬಿದ್ದವರು. 1982ರಲ್ಲಿ ಆಸ್ಟ್ರೇಲಿಯದ ಪರ್ತ್‌ನಲ್ಲಿ ವಾರನ್ ಮತ್ತು ಮಾರ್ಷಲ್ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಸುರುಳಿ ಜೀವಾಣುವನ್ನು ಬೆಳೆಸಿ ತೋರಿಸಿದರು. 1984ರಲ್ಲಿ ಮಾರ್ಷಲ್ ಅದನ್ನು ಕುಡಿದು ತಾವೇ ಜಠರದ ಉರಿಯೂತಕ್ಕೆ ಒಳಗಾದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಜಠರದ ಆಮ್ಲದಲ್ಲಿ ಈ ಜೀವಾಣು ಬದುಕುವುದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು. ನಾವು ತೋಟಕ್ಕೆ ಹಾಕುವ ಯೂರಿಯಾ ಕೂಡ ಅದೇ ವಸ್ತು!

ಸೋಜಿಗವೆಂದರೆ, ಕರುಳಿನ ದೀರ್ಘ ಉರಿಯೂತವಿರುವವರಲ್ಲಿ ಈ ಜೀವಾಣು ಉಳಿದವರಿಗಿಂತ ಕಡಿಮೆ ಕಂಡುಬರುತ್ತದೆ. ಅದು ದೇಹದ ರಕ್ಷಣಾಶಕ್ತಿಯ ಆರ್ಭಟವನ್ನು ತಗ್ಗಿಸುತ್ತಿರಬಹುದು. ರೋಗಿಗಳು ಮೊದಲೇ ನುಂಗಿದ ಔಷಧಿಗಳಿಂದ ಅದು ಸತ್ತಿರಲೂಬಹುದು. ಇದನ್ನು ನಂಬಿ ಜಠರದ ಹುಣ್ಣನ್ನು ಹಾಗೇ ಬಿಡಬಾರದು; ಕ್ಯಾನ್ಸರ್ ತರುವವುಗಳ ಪಟ್ಟಿಗೆ ಈ ಜೀವಾಣು 1994ರಲ್ಲೇ ಸೇರಿದೆ.

ದೊಡ್ಡ ಕರುಳಿನ ಕಥೆ ನಮ್ಮ ತೋಟದ ಮಣ್ಣಿನಂತೆ. ಅಲ್ಲಿಯ ಅಸಂಖ್ಯ ಸೂಕ್ಷ್ಮಜೀವಿಗಳಲ್ಲಿ ಕೆಲವು ನಾರನ್ನು ಕೊಳೆಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ಕರುಳಿನ ಒಳಪದರಕ್ಕೆ ಅದೇ ಆಹಾರ. ಈ ರೋಗದಲ್ಲಿ ಇಂಥವು ಕಡಿಮೆಯಾಗಿರುತ್ತವೆ. ಜೀವಾಣುನಾಶಕ ಮಾತ್ರೆಗೆ ಕಳೆಯೂ ಬೆಳೆಯೂ ಒಂದೇ.

ಇದು ಪಟ್ಟಣದವರ, ಪರದೇಶದವರ ಕಾಯಿಲೆಯೆಂದು ಭಾವಿಸಬೇಡಿ. 2003ರಲ್ಲಿ ಪ್ರಕಟವಾದ ಪಂಜಾಬಿನ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 44 ಜನರಿಗೆ ದೊಡ್ಡ ಕರುಳಿನ ಹುಣ್ಣು ಕಂಡಿತ್ತು. ನಮ್ಮಲ್ಲಿ ಇನ್ನೊಂದು ತೊಡಕು, ಕರುಳಿನ ಕ್ಷಯ. ಕ್ರೋನ್ಸ್ ಎಂಬ ಉರಿಯೂತಕ್ಕೂ ಅದಕ್ಕೂ ಲಕ್ಷಣಗಳು ಒಂದೇ ತೆರ; ಕ್ಷಯವಿದ್ದವರಿಗೆ ಸ್ಟೀರಾಯ್ಡ್ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಅದಕ್ಕೇ ವೈದ್ಯರು ಕರುಳಿನ ಚೂರನ್ನು ಪರೀಕ್ಷೆಗೆ ಕಳುಹಿಸಿ, ವರದಿ ಬಂದ ಮೇಲಷ್ಟೇ ಔಷಧಿ ಬರೆದರು.

ಮಿತ್ರರಿಗೆ ರಕ್ತ ಹೋಗುವುದು ನಿಂತಿದೆ. ರೊಟ್ಟಿಗೆ ಮಾತ್ರ ಇನ್ನೂ ಅಪ್ಪಣೆಯಾಗಿಲ್ಲ.